ಟವೆಲ್ ಒಣಗಿದ ಮಳೆಗಾಲ

ಜುಲೈ ತಿಂಗಳಲ್ಲಿ ಸೆಂಟ್ರಲ್ ಲೈನಿನ ಲೇಡೀಸ್ ಡಬ್ಬಿ ಹತ್ತಿದವರಿಗೆಲ್ಲ ಆ ವಾಸನೆ ಗೊತ್ತು. ಒಣಗದ ಬಟ್ಟೆಯ ಮುಗ್ಗಲು ವಾಸನೆ. ಯಾರೂ ಯಾರನ್ನೂ ದೂರುವಂತಿಲ್ಲ, ಎಲ್ಲರ ಮೈಮೇಲೂ ಅದೇ. ಮೊನ್ನೆ ಘಾಟ್ಕೋಪರಿನಿಂದ ಸಯನ್ನಿಗೆ ಹೋಗುವಾಗ ಪಕ್ಕದವಳ ಓಢಣಿಯಿಂದ ಅದು ಮೂಗಿಗೆ ಬಡಿದದ್ದೇ ತಡ, ನಾನು ಒಬ್ಬಳೇ ನಗತೊಡಗಿದೆ. ಅವಳು ಓಢಣಿ ಎಳೆದುಕೊಂಡು ಅತ್ತ ಸರಿದಳು. ಪಾಪ, ಅವಳಿಗೇನು ಗೊತ್ತು! ನನಗೆ ನೆನಪಾದದ್ದು ನಾನು ಪಾರ್ಲರ್ ತೆರೆದ ಮೊದಲ ವರ್ಷದ ಮಳೆಗಾಲ. ಇಡೀ ಮುಂಬಯಿಯಲ್ಲಿ ನನ್ನ ಟವೆಲ್ಲುಗಳು ಮಾತ್ರ ಸುಟ್ಟ ಹಪ್ಪಳದಂತೆ ಗರಿಗರಿಯಾಗಿ ಒಣಗಿ ಬರುತ್ತಿದ್ದ ಮಳೆಗಾಲ.

ನಮ್ಮದು ವಿಜಯಪುರದ ಕಡೆ. ಮಾವನವರು ಗೌಂಡಿ ಕೆಲಸಕ್ಕೆಂದು ಈ ಊರಿಗೆ ಬಂದು, ಊರವರ ಬಿಲ್ಡಿಂಗುಗಳನ್ನೆಲ್ಲ ಕಟ್ಟಿ, ಕೊನೆಗೆ ಘಾಟ್ಕೋಪರಿನ ಒಂದು ಹಳೆಯ ಸೊಸೈಟಿಯಲ್ಲಿ ಗ್ರೌಂಡ್ ಫ್ಲೋರಿನ ಮನೆಯನ್ನೂ ಅದಕ್ಕಂಟಿದ ಒಂದು ಗಾಳಾವನ್ನೂ ಮಾಡಿ ಹೋದರು. ಗಾಳಾ ಎಂದರೆ ಇಲ್ಲಿಯವರ ಮಾತಿನಲ್ಲಿ ಅಂಗಡಿ ಜಾಗ. ನಾನು ಬೇರೆಯವರ ಪಾರ್ಲರಿನಲ್ಲಿ ವರ್ಷಗಟ್ಟಲೆ ಹುಬ್ಬು ತೀಡಿದವಳು. ಮಂದಿಯ ಹುಬ್ಬು ತೀಡಿ ತೀಡಿ ನನ್ನ ಹಣೆಬರಹ ಯಾವಾಗ ತಿದ್ದುವುದು ಎಂದು ಒಂದು ದಿನ ಮನೆಯಲ್ಲಿ ಜಗಳ ತೆಗೆದೆ. ಗಾಳಾ ನನಗೆ ಬೇಕು ಎಂದೆ. ನನ್ನ ಗಂಡ ಬಸುಗೆ ಹೂಂ ಅನ್ನಲೂ ಭಯ, ಊಹೂಂ ಅನ್ನಲೂ ಭಯ. ಮೈದುನ ಶಿವುಗೆ ಮಾತ್ರ ಮನಸ್ಸಿರಲಿಲ್ಲ. ಅದನ್ನು ಮೊಬೈಲ್ ಅಂಗಡಿಯವನಿಗೆ ಬಾಡಿಗೆಗೆ ಕೊಡುವ ಮಾತು ಅವನು ಆಗಲೇ ಆಡಿ ಬಂದಿದ್ದ.

ತೀರ್ಪು ಕೊಟ್ಟವರು ಅತ್ತೆ, ಗೌರವ್ವ. "ಗಣಪತಿ ಹಬ್ಬದ ತನಕ ರೇಣವ್ವ ನಡಸಲಿ. ನಡೀತಂದ್ರ ಆಕಿದು. ಇಲ್ಲಂದ್ರ ನಿನ್ನ ಮೊಬೈಲಿನವನಿಗೆ ಕೊಡು," ಎಂದರು. ರೇಣವ್ವ ಎಂದರೆ ನಾನೇ, ರೇಣುಕಾ. ಅಲ್ಲಿಗೆ ಮಾತು ಮುಗಿಯಿತು. ನಮ್ಮ ಮನೆಯಲ್ಲಿ ಅವರ ಮಾತಿನ ಮೇಲೆ ಮಾತಿಲ್ಲ.

ಯುಗಾದಿಗೆ ಬಾಗಿಲು ತೆರೆದೆವು. ಟವೆಲ್ ಖಾತೆಯನ್ನು ಅತ್ತೆ ಯಾರೂ ಕೇಳದೆಯೇ ವಹಿಸಿಕೊಂಡರು. ಒಗೆಯುವುದು, ಒಣಗಿಸುವುದು, ಮಡಚಿ ತಂದಿಡುವುದು ಎಲ್ಲ ಅವರದೇ. "ನಿನ್ನ ಕ್ರೀಮು ಪೌಡರು ನನಗ ತಿಳಿಯೂದುಲ್ಲ, ಅರಿವಿ ಒಗಿಯೂದು ನಿನಗ ತಿಳಿಯೂದುಲ್ಲ," ಎನ್ನುತ್ತಿದ್ದರು. ಎರಡನೆಯದು ಸುಳ್ಳು, ಆದರೂ ನಾನು ಬಾಯಿ ಮುಚ್ಚಿಕೊಂಡೆ.

ಪಾರ್ಲರ್ ಅಂದಮೇಲೆ ಎಸಿ ಇಲ್ಲದೆ ಆಗುವುದಿಲ್ಲ. ಮುಂಬಯಿಯ ಸೆಕೆಯಲ್ಲಿ ಹಚ್ಚಿದ ಬಣ್ಣ ಕುತ್ತಿಗೆಗೆ ಇಳಿಯುತ್ತದೆ. ಎಸಿ ಕೊಂಡ ಅಂಗಡಿಯವರು ಅದನ್ನು ಕೂರಿಸಲು ಒಬ್ಬನನ್ನು ಕಳಿಸಿದರು. ಅವನು ಬಂದದ್ದೇ ಗಡಿಬಿಡಿಯಲ್ಲಿ. ಇನ್ನೂ ಎಲ್ಲೆಲ್ಲಿಗೋ ಹೋಗಬೇಕಂತೆ. ಒಳಗಿನ ಪೆಟ್ಟಿಗೆಯನ್ನು ಗೋಡೆಗೆ ಹೊಡೆದ. ಹೊರಗಿನದನ್ನು ನಮ್ಮ ಮನೆಯ ಹಿಂದಿನ ಕಿರುಗಲ್ಲಿಯಲ್ಲಿ, ಕಳ್ಳರ ಭಯಕ್ಕೆ ನಾವೇ ಮಾಡಿಸಿಟ್ಟಿದ್ದ ಕಬ್ಬಿಣದ ಪಂಜರದೊಳಗೆ ತುರುಕಿದ. ಬೆನ್ನು ಗೋಡೆಗೆ ತಾಗಿಯೇ ಇತ್ತು. ಉಳಿದ ತಾಮ್ರದ ಪೈಪನ್ನು ಸುರುಳಿ ಸುತ್ತಿ ಹಿಂದೆ ಸಿಕ್ಕಿಸಿದ. ಒಂದು ಸಲ ಬುಸ್ಸೆಂದು ಗ್ಯಾಸ್ ಬಿಟ್ಟು, "ಹೋ ಗಯಾ ಭಾಭೀ," ಎಂದು ಕೈಯೊರಸಿಕೊಂಡ. ತಣ್ಣಗಿನ ಗಾಳಿ ಬಂತು. ನಾವು ಅವನಿಗೆ ಚಹಾ ಕೊಟ್ಟೆವು. ಅತ್ತೆ ಹೊರಗಿನ ಪೆಟ್ಟಿಗೆಗೆ ಕುಂಕುಮ ಹಚ್ಚಿ ಕಾಯಿ ಒಡೆದರು.

ಮೇ ತಿಂಗಳು ಮುಗಿಯುವ ಮೊದಲೇ ಅದು ಸತ್ತಿತು. ಕುರ್ಚಿಯ ಮೇಲೆ ಒಬ್ಬ ಹೆಂಗಸು ಮುಖಕ್ಕೆಲ್ಲ ಮಣ್ಣಿನ ಲೇಪ ಹಾಕಿಸಿಕೊಂಡು ಮಲಗಿದ್ದಳು. ಹೊರಗೆ ಟಕ್ಕೆಂದಿತು, ಒಳಗೆ ಬಿಸಿಗಾಳಿ ಬಂತು. ಲೇಪ ಒಣಗುವ ಬದಲು ಬೆವರಿಗೆ ಕರಗಿ ಕಿವಿಯೊಳಗೆ ಇಳಿಯಿತು. ಆಕೆ ಎದ್ದು ನನ್ನನ್ನು ನೋಡಿದ ನೋಟ ಇದೆಯಲ್ಲ, ಅದನ್ನು ನಾನು ಈಗಲೂ ಮರೆತಿಲ್ಲ.

ಕಂಪನಿಯವನು ಬಂದು ಕಂಪ್ರೆಸರ್ ಹೋಗಿದೆ ಎಂದ. ವಾರಂಟಿಯಲ್ಲಿ ಹೊಸದು ಹಾಕಿದ. ಮಳೆ ಹಿಡಿದ ಮೇಲೆ ಅದೂ ಕೈಕೊಟ್ಟಿತು. ಮತ್ತೊಂದು ಹಾಕಿ, "ಇನ್ನೊಮ್ಮೆ ಹೋದರೆ ಕಂಪನಿ ಕೊಡುವುದಿಲ್ಲ. ಕೂರಿಸಿದ್ದೇ ಸರಿಯಿಲ್ಲ," ಎಂದು ಹಿಂದಿಯಲ್ಲಿ ಉಪದೇಶ ಮಾಡಿದ. ನನಗೆ ಮೈಯೆಲ್ಲ ಉರಿದುಹೋಯಿತು. ಕೂರಿಸಿದವನನ್ನು ಕಳಿಸಿದ್ದು ಇವರ ಮಾಲು ಮಾರುವ ಅಂಗಡಿ, ಬೈಯುವುದು ನನಗೆ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಕನ್ನಡ, ಹಿಂದಿ, ಮರಾಠಿ ಮೂರರಲ್ಲೂ ಬಾಯಿಗೆ ಬಂದಂತೆ ಅಂದೆ. ಅವನು ಚೀಲ ಎತ್ತಿಕೊಂಡು ಹೋದ.

ಸೊಸೈಟಿಯಲ್ಲಿ ತಲೆಗೊಂದು ಮಾತು. ವೋಲ್ಟೇಜ್ ಸರಿಯಿಲ್ಲ ಎಂದರು, ಸಮುದ್ರದ ಗಾಳಿ ಎಂದರು. ಅತ್ತೆ ಮಾತ್ರ "ದೃಷ್ಟಿ ಆಗೈತಿ" ಎಂದು ಪಂಜರಕ್ಕೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು. ಶಿವು ದಿನಾ ಸಂಜೆ ಬಂದು ಗಾಳಾವನ್ನು ಕಣ್ಣಲ್ಲೇ ಅಳೆದು ಹೋಗುತ್ತಿದ್ದ. ಕೆಟ್ಟವನಲ್ಲ ಅವನು. ಆದರೆ ಆ ದಿನಗಳಲ್ಲಿ ಅವನನ್ನು ಕಂಡರೆ ನಾನು ಕೆಲಸವಿಲ್ಲದಿದ್ದರೂ ಕತ್ತರಿ ಸದ್ದು ಮಾಡುತ್ತಿದ್ದೆ.

ಅಷ್ಟರಲ್ಲಿ ದೇವರು ಕಣ್ಣು ಬಿಟ್ಟ. ಸಯನ್ನಿನ ವಿಮಲಕ್ಕ ಎಂಬ ಟೀಚರ್ ನನ್ನ ಹಳೆಯ ಗಿರಾಕಿ. ಅವರ ಮಗಳ ಮದುವೆ ಶ್ರಾವಣದಲ್ಲಿ ಗೊತ್ತಾಯಿತು. ಗುಜರಾತಿಗಳೂ ಮರಾಠಿಗರೂ ಆ ತಿಂಗಳುಗಳಲ್ಲಿ ಮದುವೆ ಇಟ್ಟುಕೊಳ್ಳುವುದಿಲ್ಲ, ಪಾರ್ಲರುಗಳೆಲ್ಲ ಬಣಗುಡುತ್ತವೆ. ನಮ್ಮ ಕಡೆಯವರಿಗೆ ಶ್ರಾವಣ ಬಂತೆಂದರೆ ಮುಹೂರ್ತ. ಮದುಮಗಳು, ಅವಳ ಚಿಕ್ಕಮ್ಮಂದಿರು, ಅತ್ತೆಯಂದಿರು, ಎಲ್ಲರ ಸಿಂಗಾರ ನನ್ನದೇ ಎಂದರು ವಿಮಲಕ್ಕ. ಸಯನ್ನಿನ ಕನ್ನಡದವರ ಬಾಯಿಗೆ ನನ್ನ ಹೆಸರು ಬಿದ್ದರೆ ಮತ್ತೆ ಹಿಂದೆ ನೋಡಬೇಕಾಗಿಲ್ಲ. ಅದೇ ದಿನ ಎಸಿ ಕೈಕೊಟ್ಟರೆ? ಅದನ್ನು ನೆನೆದರೇ ನನಗೆ ಬೆವರುತ್ತಿತ್ತು. ನನ್ನ ಪೇಚಾಟ ಕೇಳಿ ವಿಮಲಕ್ಕನೇ ಹೇಳಿದರು: "ಬೈಕುಲ್ಲಾದಲ್ಲಿ ಸುಧಾಕರ ಅಂತ ಒಬ್ಬರಿದ್ದಾರೆ, ಉಡುಪಿ ಕಡೆಯವರು. ಮಾತು ಜಾಸ್ತಿ, ಕೆಲಸ ಚೆನ್ನಾಗಿದೆ."

ಮಾತು ಜಾಸ್ತಿ ಎಂಬುದು ಬಾಗಿಲಲ್ಲೇ ತಿಳಿಯಿತು. ಸುಧಾಕರಣ್ಣ ಮೊದಲು ಹೋಟೆಲಿನ ಅಡುಗೆಮನೆಯಲ್ಲಿದ್ದು ಆಮೇಲೆ ಫ್ರಿಜ್, ಎಸಿ ಕಲಿತವರು. ಹೊರಗಿನ ಪೆಟ್ಟಿಗೆ ನೋಡಿದ್ದೇ ಹಣೆ ಬಡಿದುಕೊಂಡರು.

"ಇದನ್ನು ಹಾಕಿದ್ದು ಯಾರು ಮಾರಾಯ್ರೆ? ಬೆನ್ನು ಗೋಡೆಗೆ ತಾಗ್ಸಿ ಇಟ್ರೆ ಇದು ಗಾಳಿ ಎಳ್ಕೊಳ್ಳುವುದು ಎಲ್ಲಿಂದ? ಮೂಗು ಹಿಡ್ಕೊಂಡು ಓಡು ಅಂದ ಹಾಗೆ ಆಯ್ತು!"

ಆಮೇಲೆ ಪೈಪಿನ ಸೇರುವೆಗೆ ಸೋಪಿನ ನೀರು ಹಚ್ಚಿ ನನ್ನನ್ನು ಕರೆದು ತೋರಿಸಿದರು. ಸಣ್ಣ ಸಣ್ಣ ಗುಳ್ಳೆ ಏಳುತ್ತಿದ್ದವು. ಗ್ಯಾಸ್ ಅಲ್ಲಿಂದ ಮೆಲ್ಲಗೆ ಸೋರುತ್ತಿತ್ತು. ಕಂಪ್ರೆಸರನ್ನು ತಣ್ಣಗಿಡುವುದೂ ಅದೇ ಗ್ಯಾಸಂತೆ. ಅದು ಕಡಿಮೆಯಾದರೆ ಕಂಪ್ರೆಸರ್ ಕಾದು ಕಾದು ಸುಡುತ್ತದೆ. ಪೈಪಿನೊಳಗಿನ ಗಾಳಿಯನ್ನು ಪಂಪಿನಿಂದ ಪೂರ್ತಿ ಎಳೆದು ತೆಗೆಯಬೇಕಿತ್ತು. ಆ ಗಡಿಬಿಡಿಯವನು ಬುಸ್ಸೆನಿಸಿ ಬಿಟ್ಟಿದ್ದ. ಒಳಗೆ ಉಳಿದ ಗಾಳಿಯ ತೇವ ಎಣ್ಣೆಗೆ ಸೇರಿ ಅದನ್ನು ಕೆಡಿಸಿತ್ತು. ಕಂಪನಿಯವನು ಆ ಕೆಟ್ಟ ಎಣ್ಣೆಯನ್ನು ತೊಳೆಯದೆ ಹೊಸ ಕಂಪ್ರೆಸರ್ ಜೋಡಿಸಿ ಹೋಗಿದ್ದ.

"ಸೀದ ಬಾಣಲೆಯನ್ನು ತೊಳೆಯದೆ ಅದರಲ್ಲೇ ಇನ್ನೊಂದು ಒಗ್ಗರಣೆ ಹಾಕಿದ್ದು," ಎಂದರು. ಇದು ನನಗೆ ಚೆನ್ನಾಗಿ ಅರ್ಥವಾಯಿತು.

ಕೆಲಸವೆಂದರೆ ಅದು ಕೆಲಸ. ಪಂಜರ ಕತ್ತರಿಸಿ ಎಸೆದರು. ಪೆಟ್ಟಿಗೆಯನ್ನು ಗೋಡೆಯಿಂದ ದೂರ ತಂದು ಗಟ್ಟಿ ಕಾಲಿನ ಮೇಲೆ ಸಮನಾಗಿ ಕೂರಿಸಿದರು. ಪೈಪನ್ನು ಬೇಕಾದಷ್ಟೇ ಇಟ್ಟು ಉಳಿದದ್ದು ಕತ್ತರಿಸಿದರು, ಒಳಗೆಲ್ಲ ತೊಳೆದರು, ಸೇರುವೆಗಳನ್ನು ಹೊಸದಾಗಿ ಮಾಡಿದರು. ಪಂಪ್ ಹಚ್ಚಿ ಮೀಟರಿನ ಮುಳ್ಳು ಇಳಿಯುವುದನ್ನೇ ನೋಡುತ್ತ ಸ್ಟೂಲಿನ ಮೇಲೆ ಕೂತರು. ಆಗ ನಾನು ಅವಸರ ಮಾಡಿದೆ. "ಅಕ್ಕ, ಇಡ್ಲಿ ಬೇಯುವಾಗ ಮುಚ್ಚಳ ತೆಗಿಲಿಕ್ಕಿಲ್ಲ," ಎಂದರು. ಮುಗಿದ ಮೇಲೆ ಎದೆ ತಟ್ಟಿಕೊಂಡು, "ಇನ್ನು ಇದಕ್ಕೇನಾದ್ರೂ ಆದ್ರೆ ನಾನು ಈ ಕೆಲಸ ಬಿಟ್ಟು ವಾಪಸ್ ದೋಸೆ ಹುಯ್ಲಿಕ್ಕೆ ಹೋಗ್ತೇನೆ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು.

ಮುಂದಿನ ವಾರ ಎಸಿ ಮತ್ತೆ ನಿಂತಿತು.

ಸತ್ತಿರಲಿಲ್ಲ, ಪುಣ್ಯಕ್ಕೆ. ಟಕ್ಕೆಂದು ನಿಲ್ಲುವುದು, ಸ್ವಲ್ಪ ಹೊತ್ತಿಗೆ ತಾನಾಗಿಯೇ ಶುರುವಾಗುವುದು, ಮತ್ತೆ ನಿಲ್ಲುವುದು. ಸುಧಾಕರಣ್ಣನಿಗೆ ಫೋನ್ ಮಾಡಿದೆ. ಘಾಟ್ಕೋಪರ್ ಸ್ಟೇಷನ್ನಿನಲ್ಲಿ ಇಳಿದು, "ಅಕ್ಕ, ಬಂದೆ," ಎಂದು ಫೋನ್ ಮಾಡಿಯೇ ಬಂದರು. ಅವರು ಬಂದರೆ ಮಿಷನ್ ಸರಿ! ಕಾಯಿಲೆಯ ಮಗು ಡಾಕ್ಟರ ಮುಂದೆ ಆಡುತ್ತದಲ್ಲ, ಹಾಗೆ. ಅವರು ಹೋದ ಮರುದಿನ ಮತ್ತೆ ಟಕ್ಕು. ಹೀಗೇ ಮತ್ತೆ ಮತ್ತೆ ಆಯಿತು. ವಿಚಿತ್ರವೆಂದರೆ ಬಿಸಿಲು ಬಿದ್ದ ದಿನ ಅದು ಚೆನ್ನಾಗಿ ಓಡುತ್ತಿತ್ತು. ಧೋ ಎಂದು ಮಳೆ ಸುರಿದು ಊರೆಲ್ಲ ತಂಪಾದ ಮಧ್ಯಾಹ್ನವೇ ಬಿಸಿಯಾಗಿ ನಿಲ್ಲುತ್ತಿತ್ತು.

"ಎಂತ ಅವಸ್ಥೆ ಇದು! ನನ್ನ ಸರ್ವಿಸಿನಲ್ಲಿ ಇಂಥದ್ದು ನೋಡ್ಲಿಲ್ಲ," ಎಂದು ಸುಧಾಕರಣ್ಣ ತಲೆ ಕೆರೆದುಕೊಂಡರು. ಅವರ ಮಾತೂ ಕಡಿಮೆಯಾಯಿತು. ಅದು ನೋಡಿ ನನಗೆ ಇನ್ನಷ್ಟು ಭಯವಾಯಿತು.

ಅಷ್ಟೆಲ್ಲದರ ನಡುವೆ ನನ್ನ ಟವೆಲ್ಲುಗಳ ಕೀರ್ತಿ ಮಾತ್ರ ಏರುತ್ತಿತ್ತು. ಬಂದವರೆಲ್ಲ ಕೆನ್ನೆಗೊತ್ತಿಕೊಂಡು, "ಅರೇ ವಾಹ್, ಕಿತನಾ ಗರಮ್!" ಎನ್ನುತ್ತಿದ್ದರು. ಮೇಲಿನ ಮನೆಯ ಗುಜರಾತಿ ಬೇನ್ ಅಂತೂ ಇದು ಹೊಸ ಫ್ಯಾಷನ್ನಾ ಎಂದು ಕೇಳಿದಳು. ನಾನು ಅತ್ತೆಯ ಕೈಗುಣ ಎಂದುಕೊಂಡೆ. ಇಸ್ತ್ರಿ ಮಾಡುತ್ತಾರೇನೋ ಎಂದುಕೊಂಡೆ. ದಿನವಿಡೀ ಕತ್ತರಿ, ದಾರ, ವ್ಯಾಕ್ಸು ಹಿಡಿದು ನಿಂತವಳಿಗೆ ಹಿಂದಿನ ಗಲ್ಲಿಗೆ ಹೋಗಿ ನೋಡಲು ಪುರುಸೊತ್ತೆಲ್ಲಿ? ಅಲ್ಲಿಗೆ ದಾರಿ ಇದ್ದದ್ದೂ ಮನೆಯ ಹಿಂಬಾಗಿಲಿನಿಂದ ಮಾತ್ರ, ಇಲ್ಲವೆಂದರೆ ಕಂಪೌಂಡ್ ಸುತ್ತಿ ಬರಬೇಕು.

ಮದುವೆಗೆ ಇನ್ನೇನು ಹತ್ತಿರವಾಗಿತ್ತು. ಒಂದು ಮಧ್ಯಾಹ್ನ ಮಳೆ ಹುಯ್ಯತೊಡಗಿ ಲೋಕಲ್‌ಗಳೆಲ್ಲ ನಿಂತವು. ಬೇರೆ ಕೆಲಸಕ್ಕೆಂದು ಘಾಟ್ಕೋಪರಿಗೆ ಬಂದಿದ್ದ ಸುಧಾಕರಣ್ಣ ಸಿಕ್ಕಿಬಿದ್ದರು. ಫೋನಿಗೆ ನೀರು ಹೊಕ್ಕಿತ್ತು. ಹೇಗೂ ಇಲ್ಲೇ ಇದ್ದೇನಲ್ಲ, ನಿಮ್ಮ ಮಿಷನ್ ಒಮ್ಮೆ ನೋಡಿ ಹೋಗುವ ಎಂದು ಕಂಪೌಂಡ್ ಸುತ್ತಿ ನೇರ ಹಿಂದಿನ ಗಲ್ಲಿಗೆ ಹೋಗಿದ್ದಾರೆ. ನಾನು ಒಳಗೆ ಒಬ್ಬಳ ಕೈಗೆ ವ್ಯಾಕ್ಸ್ ಹಚ್ಚಿ ಇನ್ನೇನು ಎಳೆಯಬೇಕು, ಹಿಂಗೋಡೆಯ ಸಣ್ಣ ಕಿಟಕಿಯಿಂದ ಅವರ ಕೂಗು ಕೇಳಿತು.

"ಅಕ್ಕಾ! ಎಲ್ಲ ಬಿಟ್ಟು ಒಮ್ಮೆ ಹೊರಗೆ ಬನ್ನಿ ಮಾರಾಯ್ರೆ! ನಿಮ್ಮ ಮಿಷನ್ನಿಗೆ ಸೀರೆ ಉಡಿಸಿದ್ದಾರೆ!"

ಓಡಿದೆ. ಪೆಟ್ಟಿಗೆಯ ಫ್ಯಾನಿನ ಮುಂದೆ, ಗೇಣು ದೂರದಲ್ಲಿ, ಹಗ್ಗ ಕಟ್ಟಿತ್ತು. ಅದರ ತುಂಬ ಅತ್ತೆಯ ಲಂಗ, ಕುಬಸ. ಅವು ಯಾರಿಗೂ ಕಾಣಬಾರದೆಂದು ಅದರ ಮುಂದೆ ಇನ್ನೊಂದು ಹಗ್ಗ. ಅದರ ತುಂಬ ನನ್ನ ಪಾರ್ಲರಿನ ಟವೆಲ್ಲುಗಳು, ಒಂದಕ್ಕೊಂದು ಅಂಟಿಸಿ, ಪರದೆಯ ಹಾಗೆ. ಉಳಿದ ಟವೆಲ್ಲುಗಳು ಪೆಟ್ಟಿಗೆಯ ತಲೆಯ ಮೇಲೆ ಹಾಸಿದ್ದವು. ಇವೆಲ್ಲದರ ಮೇಲೆ ಮಳೆಗೆ ಅಡ್ಡವಾಗಿ ಒಂದು ಪ್ಲಾಸ್ಟಿಕ್ ಹಾಳೆ. ಹೊರಗೆ ಹೋಗಬೇಕಾದ ಬಿಸಿಗಾಳಿ ಆ ಗೋಡೆಗೆ ಬಡಿದು ಹಿಂದಕ್ಕೆ ಬಂದು, ಮಿಷನ್ ತಾನು ಬಿಟ್ಟ ಉಸಿರನ್ನೇ ತಾನು ಮತ್ತೆ ಎಳೆದುಕೊಳ್ಳುತ್ತಿತ್ತು.

ಅತ್ತೆ ಹಿಂಬಾಗಿಲಿನಿಂದ ಬಂದವರೇ, "ಅಯ್ಯ ಶಿವನಽ!" ಎಂದು ಲಂಗಗಳನ್ನು ಬಾಚಿಕೊಂಡು ಸೆರಗಿನಡಿ ತುರುಕಿದರು. ಮಿಷನ್ನಿನ ಚಿಂತೆ ಅವರಿಗಿರಲಿಲ್ಲ, ಮಾನದ ಚಿಂತೆ.

"ಅಮ್ಮ, ಇದು ಯಾವಾಗಿನಿಂದ?" ಸುಧಾಕರಣ್ಣ ಕೇಳಿದರು.

"ಮಳಿ ಹತ್ತಿದಾಗಿಂದ. ಬಿಸಲು ಬಿದ್ರ ಅಂಗಳದಾಗ ಹಾಕ್ತಿದ್ದೆ, ಇಲ್ಲಂದ್ರ ಇಲ್ಲಿ. ಅಷ್ಟ ಬಿಸಿ ಗಾಳಿ ಪುಕ್ಕಟ ಹೊರಗ ಹೊಂಟಿತ್ತು, ದಂಡ ಯಾಕ ಮಾಡಬೇಕು ಅಂತ..."

"ನಾನು ಬಂದಾಗ ಇರ್ಲಿಲ್ಲ ಅಲ್ಲ?"

"ನೀವು ಸ್ಟೇಷನ್ನಿಂದ ಫೋನ್ ಮಾಡ್ತಿದ್ರಿ. ನೀವು ಬಂದ್ರಿ ಅಂತ ರೇಣವ್ವ ಕೂಗಿದ ಕೂಡಲೆ ತಗದಿಡ್ತಿದ್ದೆ. ಹೆಣ್ಣಮಕ್ಕಳ ಅರಿವಿ ಪರಗಂಡಸರಿಗೆ ತೋರಸ್ತಾರೇನ್ರಿ?"

ಸುಧಾಕರಣ್ಣ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತು ನಗತೊಡಗಿದರು. ದೋಸೆ ಹುಯ್ಯುವ ಗಂಡಾಂತರದಿಂದ ಪಾರಾದ ನಗು ಅದು. ನನಗೆ ನಗು ಬರಲಿಲ್ಲ. ಸಿಟ್ಟು ಬಂತು, ಕಣ್ಣು ಕತ್ತಲೆ ಬರುವಷ್ಟು ಬಂತು. ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆಯ ಮುಖ ನೋಡಿದೆ.

"ಹಂಗಾದ್ರ," ಎಂದರು ಅವರು, ಲಂಗದ ಗಂಟನ್ನು ಎದೆಗವಚಿಕೊಂಡು, "ಮಷೀನ್ ಕೊಂದಾಕಿ ನಾನಽ ಏನು?"

ಸುಧಾಕರಣ್ಣನ ನಗು ನಿಂತಿತು. "ಇಲ್ಲ ಅಮ್ಮ. ಮೊದಲನೆಯದ್ದು ಹಾಕಿದವನ ಪಾಪ, ಆಗ ಮಳೆಯೇ ಇರ್ಲಿಲ್ಲ. ಎರಡನೆಯದ್ದರಲ್ಲಿ..." ಎಂದು ನನ್ನ ಮುಖ ನೋಡಿದರು. "ಅದರಲ್ಲಿ ಸ್ವಲ್ಪ ನಿಮ್ಮ ಪಾಲೂ ಉಂಟು."

ಅತ್ತೆ ಒಳಗೆ ಹೋಗಿ ಅಡುಗೆಮನೆಯ ಮೂಲೆಯಲ್ಲಿ ಕೂತರು. ನಾನು ಹಿಂದೆಯೇ ಹೋದೆ. ನನ್ನ ಕೈಗೆಲ್ಲ ವ್ಯಾಕ್ಸ್. ಅಂಗಡಿಯಲ್ಲಿ ಆ ಗಿರಾಕಿ ಕೈ ಚಾಚಿಕೊಂಡು ಕೂಗುತ್ತಿದ್ದಳು. ಕೂಗಲಿ ಎಂದುಕೊಂಡೆ. ಅಂಗಡಿ ತೆರೆಯುತ್ತೇನೆಂದಾಗ ನನ್ನ ಹೆತ್ತ ತಾಯಿಯೇ "ನಿನಗ್ಯಾಕ ಉಸಾಬರಿ" ಎಂದಿದ್ದಳು. ಇವರೊಬ್ಬರೇ ನಡೆಸು ಎಂದವರು. ಈ ಮುದುಕಿಯನ್ನು ಕಂಡರೆ ನನಗೆ ಎಷ್ಟು ಪ್ರೀತಿ ಎಂಬುದು ಅವತ್ತು ಆ ಸಿಟ್ಟಿನ ನಡುವೆಯೇ ನನಗೆ ಗೊತ್ತಾಯಿತು.

"ಅತ್ತೀ, ಇದು ನಮ್ಮಿಬ್ಬರೊಳಗಽ ಇರಲಿ. ಶಿವೂಗ ಹೇಳೂದು ಬ್ಯಾಡ," ಎಂದೆ. ಅವರು ಲಂಗದ ಗಂಟು ಬಿಚ್ಚಿ ಒಂದೊಂದಾಗಿ ಮಡಚತೊಡಗಿದರು.

ಸಂಜೆ ಎಲ್ಲರೂ ಊಟಕ್ಕೆ ಕೂತಾಗ ಶಿವು ಗಂಟಲು ಸರಿಮಾಡಿಕೊಂಡ. "ವೈನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಆ ಗಾಳಾದ್ದಽ ಗುಣ ಸರಿ ಇಲ್ಲ. ಮಷೀನಽ ಬಾಳೂದುಲ್ಲ ಅಲ್ಲಿ. ಮೊಬೈಲಿನವ ಮತ್ತ ಕೇಳಾಕತ್ಯಾನ."

ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು.

"ಗಾಳಾದ ಗುಣ ಅಲ್ಲೋ ಶಿವ್ಯಾ, ನಿಮ್ಮವ್ವನ ಗುಣ," ಎಂದರು. ಎಲ್ಲ ಹೇಳಿದರು. ಹಗ್ಗ, ಟವೆಲ್ಲು, ಬಿಸಿಗಾಳಿ. ಲಂಗವನ್ನೂ ಬಿಡಲಿಲ್ಲ, ಬೆಳೆದ ಗಂಡುಮಕ್ಕಳ ಮುಂದೆ ಮುಖ ಕೆಂಪಗೆ ಮಾಡಿಕೊಂಡು ಅದನ್ನೂ ಹೇಳಿದರು. "ಸೊಸಿ ಮುಚ್ಚಿಡು ಅಂದ್ಲು. ನಾ ಮುಚ್ಚಿಟ್ರ ಆಕಿ ಮ್ಯಾಲ ಬರ್ತೈತಿ. ಆಕಿ ಕೆಲಸದಾಗ ಏನೂ ತಪ್ಪಿಲ್ಲ."

ಬಸು ನೀರು ಕುಡಿಯುತ್ತಿದ್ದವನು ಮೂಗಿನಲ್ಲಿ ನೀರು ಬರುವಷ್ಟು ನಕ್ಕ. ಶಿವು ನಗಲಿಲ್ಲ. "ಆತವ್ವಾ. ಮದವಿ ದಿನ ಮತ್ತ ನಿಂತ್ರ?"

"ನಿಂತ್ರ ಗಾಳಾದ ಕೀಲಿ ನಾನಽ ನಿನ್ನ ಕೈಯಾಗ ಕೊಡ್ತೀನಿ."

ನನ್ನ ಪಾರ್ಲರನ್ನು ಅತ್ತೆ ಒಂದೇ ಮಾತಿನಲ್ಲಿ ಪಣಕ್ಕೆ ಇಟ್ಟುಬಿಟ್ಟಿದ್ದರು.

ಮದುವೆಯ ದಿನ ಬೆಳಗಿನಿಂದಲೇ ಮಳೆ. ಧಾರೆ ಬೆಳಿಗ್ಗೆಯೇ ಮುಗಿದಿತ್ತು. ಸಂಜೆಯ ಆರತಕ್ಷತೆಗೆ ಸಿಂಗಾರ ಮಾಡಿಸಿಕೊಳ್ಳಲು ವಿಮಲಕ್ಕನ ಬಳಗವೆಲ್ಲ ಮಧ್ಯಾಹ್ನವೇ ಬಂದಿಳಿಯಿತು. ಕುರ್ಚಿ, ಸ್ಟೂಲು, ಕೊನೆಗೆ ನಮ್ಮ ಮನೆಯ ಮಂಚವೂ ತುಂಬಿತು. ಅತ್ತೆ ಟವೆಲ್ಲುಗಳನ್ನು ಒಂದೊಂದಾಗಿ ಇಸ್ತ್ರಿ ಹಾಕಿ ಒಣಗಿಸುವುದು, ನಡುನಡುವೆ ಗಲ್ಲಿಗೆ ಓಡಿ ಮಿಷನ್ನಿನ ಮುಂದೆ ಏನಾದರೂ ಬಂದಿದೆಯೇ ಎಂದು ನೋಡುವುದು, ಹೀಗೆ ಓಡಾಡುತ್ತಿದ್ದರು. ಶಿವು ಬಂದ. ಕೂರಲು ಜಾಗವಿಲ್ಲದೆ ಬಾಗಿಲಲ್ಲಿ ನಿಂತ. ಪಾರ್ಲರಿನಲ್ಲಿ ಅಷ್ಟು ಜನರನ್ನು ಅವನು ಅವತ್ತೇ ನೋಡಿದ್ದು.

"ಏನ್ ನೋಡ್ತಿ ಹೆಣ್ಣಮಕ್ಕಳನ್ನ? ಹೋಗು, ಮಷೀನ್ ಕಾಯಿ. ನನಗ ಕಾಲು ಬಿದ್ದು ಹೋಗ್ಯಾವು," ಎಂದು ಅತ್ತೆ ಅವನ ಕೈಗೆ ಛತ್ರಿ ಕೊಟ್ಟು ಅಟ್ಟಿದರು. ಅವನು ಮುಖ ಸೊಟ್ಟ ಮಾಡಿಕೊಂಡು ಹೋದ.

ನಾನು ಮದುಮಗಳ ಕಣ್ಣಿಗೆ ಬಂದಿದ್ದೆ. ಕಣ್ಣಿನ ಕೆಲಸವೆಂದರೆ ಉಸಿರು ಬಿಗಿಹಿಡಿದು ಮಾಡುವ ಕೆಲಸ. ಒಂದು ಗೆರೆ ಎಳೆದೆ. ಆಗ ಹೊರಗಿನ ಸದ್ದು ಬದಲಾಯಿತು. ಗುರ್ ಎನ್ನುತ್ತಿದ್ದದ್ದು ತಿಣುಕತೊಡಗಿತು. ಆ ಸದ್ದಿನ ಹಿಂದೆಯೇ ಟಕ್ಕು ಬರುವುದು ಎಂಬುದು ನನಗೆ ಕಿವಿಪಾಠವಾಗಿತ್ತು. ಇಸ್ತ್ರಿ ಹಿಡಿದ ಅತ್ತೆ ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ಕುಂಚವನ್ನು ಮದುಮಗಳ ರೆಪ್ಪೆಯಿಂದ ಮೇಲೆತ್ತಿದೆ. ಟಕ್ಕು ಬರಲಿಲ್ಲ. ಸದ್ದು ಮೆಲ್ಲಗೆ ಹಗುರವಾಗಿ ಮೊದಲಿನಂತೆ ಗುರ್ ಎಂದಿತು. ತಂಪು ಗಾಳಿ ಮದುಮಗಳ ಮುಂಗುರುಳನ್ನು ಅಲ್ಲಾಡಿಸಿತು.

ಹಿಂಗೋಡೆಯ ಸಣ್ಣ ಕಿಟಕಿಯಿಂದ ಶಿವುವಿನ ದನಿ ಬಂತು.

"ವೈನೀ! ಮ್ಯಾಲಿನ ಬೇನಂದು ಚಾದರ ಜಾರಿ ಬಿತ್ರಿ, ಸೀದಾ ಮಷೀನ್ ಮ್ಯಾಲ! ತುದಿ ಮ್ಯಾಲ ಗ್ರಿಲ್ಲಿಗೆ ಸಿಕ್ಕೈತಿ, ಎಳದ್ರ ಬರವಲ್ದು. ಬೇನ್ ಮನ್ಯಾಗಿಲ್ಲಂತ ಕಾಣಸ್ತೈತಿ, ಕರದ್ರ ಓ ಅನ್ನವಲ್ಲಳು. ಛತ್ರಿ ಒಗದು ಎರಡೂ ಕೈಲೆ ಎತ್ತಿ ಹಿಡಕೊಂಡ ನಿಂತೀನಿ. ಎಷ್ಟೊತ್ತು ಹಿಡೀಲಿ?"

ವಿಮಲಕ್ಕನ ಬಳಗ ಗೊಳ್ಳೆಂದಿತು. ನಾನು ತುಟಿ ಕಚ್ಚಿಕೊಂಡೆ, ನಕ್ಕರೆ ಗೆರೆ ಕೆಡುತ್ತದೆ.

"ಇನ್ನೊಂದು ಕಣ್ಣು ಐತೋ ಶಿವೂ, ಆಮ್ಯಾಲ ಜಡಿ ಐತಿ," ಎಂದೆ.

ಹೊರಗೆ ಅವನು ಚಾದರವನ್ನು ಇನ್ನೊಮ್ಮೆ ಮೇಲಕ್ಕೆ ಜಗ್ಗಿಕೊಂಡ ಸದ್ದಾಯಿತು.

"ನೀವು ಸಾವಕಾಶ ಮಾಡ್ರಿ ವೈನಿ," ಎಂದ. "ನಾ ಹಿಡದೀನಿ."